ಸಿಕ್ಕು ಬಿಡಿಸುವ ಬ್ರಷ್ಷು, ಮೂರು ತಲೆಗಳು

ಬಾಯಿದ್ದವರ ಹತ್ತಿರ ಮಾತಾಡಲು ನನಗೆ ಮೊದಲಿನಿಂದಲೂ ಸಂಕೋಚ, ಮಕ್ಕಳೇ. ಕರು, ತುಳಸಿಗಿಡ, ಉಕ್ಕಲು ಹೊರಟ ಹಾಲು, ಇವುಗಳ ಜೊತೆ ಎಷ್ಟು ಬೇಕಾದರೂ ಮಾತಾಡುತ್ತೇನೆ. ತಿರುಗಿ ಉತ್ತರ ಕೊಡದವರ ಮುಂದೆ ನನಗೆ ಬಹಳ ಧೈರ್ಯ. ಆ ಧೈರ್ಯವೇ ಹಾಸನದಲ್ಲಿ ನನ್ನ ಬೆವರಿಳಿಸಿತು.

ನಮ್ಮ ಚಿನ್ನುವಿನ ಗುಂಗುರು ಕೂದಲು ನಿಮಗೆ ಗೊತ್ತೇ ಇದೆ. ಬಾಚಣಿಗೆ ಇಟ್ಟರೆ ಹಲ್ಲು ಮುರಿಯುತ್ತದೆ. ಅವಳು ಕಿರುಚಿದರೆ ಎದುರುಮನೆಯವರು ಓಡಿಬರುತ್ತಾರೆ. ಅವಳಮ್ಮ ಬೇಸತ್ತು, "ಈ ಭಾನುವಾರ ಕ್ರಾಪ್ ಹೊಡೆಸ್ಬುಡ್ತೀನಿ ಕಣತ್ತೆ, ನಂಗಾಗಕ್ಕಿಲ್ಲ" ಎಂದಳು. ಚಿನ್ನು ನನ್ನ ಸೆರಗಿನೊಳಗೆ ತಲೆ ಬಚ್ಚಿಟ್ಟು, "ಅಜ್ಜೀ, ನನ್ ಜಡೆ ಉಳ್ಸಜ್ಜಿ" ಎಂದು ಅತ್ತಳು. ಸಿಕ್ಕು ಬಿಡಿಸುವುದಕ್ಕೆಂದೇ ಬೇರೆ ಬ್ರಷ್ಷು ಬರುತ್ತದಂತೆ ಎಂದು ಕೇಳಿದ್ದೆ. ನಿಮ್ಮ ತಾತ ಹೋದ ಮೇಲೆ ಮೊದಲ ಸಲ ಒಬ್ಬಳೇ ಕೊಣನೂರಿನಲ್ಲಿ ಬಸ್ಸು ಹತ್ತಿದೆ.

ಹಾಸನದಲ್ಲಿಳಿದು ಬಾಚಣಿಗೆ, ಚೌರಿ ಮಾರುವ ಒಂದು ಅಂಗಡಿ ಹೊಕ್ಕರೆ ಅಲ್ಲಿ ಕರೆಂಟಿರಲಿಲ್ಲ. ಮಬ್ಬಿನಲ್ಲಿ, ಎದೆಮಟ್ಟದ ಮರದ ಮೇಜಿನ ಮೇಲೆ ಸಾಲಾಗಿ ಮೂರು ತಲೆಗಳು. ಮೈಯಿಲ್ಲ, ಬರೀ ತಲೆ. ಚೌರಿ ತೊಡಿಸಿದ ಬೊಂಬೆಗಳೆಂದು ಗೊತ್ತಾದರೂ ಎದೆ ಝಲ್ಲೆಂದಿತು. ಉದುರಿದ ಕೂದಲನ್ನು ನಾವು ಉಂಡೆ ಸುತ್ತಿ, ದೃಷ್ಟಿಯಾಗದಂತೆ ಥೂ ಥೂ ಎಂದು ಉಗಿದು, ಸೂರಿನ ಸಂದಿಗೆ ಸಿಕ್ಕಿಸುತ್ತೇವಲ್ಲ. ಕೂದಲು ಕೊಳ್ಳುವವನು ಬಂದಾಗ ಅದನ್ನು ಕೊಟ್ಟು ಪಿನ್ನು, ಲೋಟ ತೆಗೆದುಕೊಳ್ಳುತ್ತೇವಲ್ಲ. ಆ ಕೂದಲೆಲ್ಲ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಅದು ಇಲ್ಲಿಗೆ ಬಂದು, ಬೇರೆ ತಲೆ ಹುಡುಕಿಕೊಂಡು, ನನ್ನನ್ನೇ ನೋಡುತ್ತಿರುವ ಹಾಗಿತ್ತು.

"ನೋಡ್ತಿರವ್ವಾ, ಉಂಡ್ಬುಟ್ಟು ಬತ್ತೀನಿ" ಎಂದು ಅಂಗಡಿಯವನು ಹಿಂದಿನ ಕೋಣೆಯಿಂದ ಕೂಗಿದ. ಯಾವ ಬ್ರಷ್ಷು ಒಳ್ಳೆಯದೆಂದು ಅವನನ್ನು ಕೇಳುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಬೊಂಬೆಗಳ ಮೇಲೆ ಪರೀಕ್ಷೆ ಮಾಡಿದೆ. ಗಟ್ಟಿ ಹಲ್ಲಿನದು ಮೊದಲನೆಯ ತಲೆಯನ್ನೇ ಎಳೆದು ಬೀಳಿಸುವುದರಲ್ಲಿತ್ತು. ಹಲ್ಲಿನ ತುದಿಗೆ ಗುಂಡು ಇದ್ದದ್ದು ಎರಡನೆಯದರಲ್ಲಿ ಸಿಕ್ಕಿಕೊಂಡು ಬರಲೇ ಒಲ್ಲದು, ಜಗ್ಗಿ ಕಿತ್ತೆ. ಮೆತ್ತನೆಯ, ಉದ್ದಗಿಡ್ಡ ಹಲ್ಲಿನ ಒಂದನ್ನು ಹಿಡಿದು ಮೂರನೆಯದಕ್ಕೆ ಬಂದೆ. ಅದು ಕಣ್ಣು ಮುಚ್ಚಿತ್ತು. ಯಾಕೋ ಪಾಪ ಅನ್ನಿಸಿ, ಚಿನ್ನುವಿಗೆ ಮಾಡುವಂತೆ ಬುಡವನ್ನು ಮುಷ್ಟಿಯಲ್ಲಿ ಹಿಡಿದು ತುದಿಯಿಂದ ಬಾಚಿದೆ. ಬ್ರಷ್ಷಿಗೆ ಬಂದ ಎಳೆಗಳನ್ನು ಅಭ್ಯಾಸದಂತೆ ಸುತ್ತಿ ಉಗಿದೆ. ಬೆರಳಿಗೆ ನೆತ್ತಿ ಬೆಚ್ಚಗೆ ತಾಗಿತು. ಸೆಕೆ ಅಂದುಕೊಂಡೆ.

"ನೋವಾಯ್ತೇನವ್ವಾ?" ಎಂದೆ.

"ಇಲ್ಲ ಕಣಜ್ಜಿ," ಎಂದಿತು ತಲೆ. "ಇನ್ನೊಂಚೂರು ಬಾಚಿ."

ಬ್ರಷ್ಷು ಹಿಡಿದೇ ಎರಡು ಹೆಜ್ಜೆ ಹಿಂದೆ ಹಾರಿದೆ. ಕೂಗೋಣವೆಂದರೆ ಅಲ್ಲೂ ನಾಚಿಕೆ. ಅಷ್ಟರಲ್ಲಿ ಮೇಜಿನ ಹಿಂದಿನಿಂದ ಎರಡು ಕೈ ಮೇಲೆ ಬಂದವು, ಆಮೇಲೆ ಹಸಿರು ಚೂಡಿದಾರ. ಅಂಗಡಿಯ ಕೆಲಸದ ಹುಡುಗಿ! ತಲೆನೋವೆಂದು ಸ್ಟೂಲಿನ ಮೇಲೆ ಕೂತು, ಮೇಜಿಗೆ ಗದ್ದ ಊರಿ ತೂಕಡಿಸುತ್ತಿದ್ದಳಂತೆ. "ನಮ್ಮವ್ವ ಬಾಚ್ದಂಗಾಯ್ತು. ಆದ್ರೆ ಉಗ್ದಿದ್ಯಾಕಜ್ಜಿ?" ಎಂದು ನಕ್ಕಳು. ನಾನು ಆ ಬ್ರಷ್ಷನ್ನೇ ಕೊಂಡು, ಚಿಲ್ಲರೆ ಕೇಳದೆ ಹೊರಬಿದ್ದೆ.

ಭಾನುವಾರ ಚಿನ್ನು ಕಿರುಚಲಿಲ್ಲ. ಅವಳಮ್ಮ ತಾನೂ ನಾಲ್ಕು ಸಲ ಬಾಚಿ ನೋಡಿ, "ಇರ್ಲಿ ಬುಡಿ ಅತ್ತೆ" ಎಂದಳು. ಜಡೆ ಉಳಿಯಿತು.

ಈಗ ಚಿನ್ನು ನನ್ನ ತಲೆಯನ್ನೂ ಬಾಚುತ್ತಾಳೆ. ಮೊನ್ನೆ ಮೇಜಿಗೆ ಗದ್ದ ಊರಿ ಕಣ್ಣು ಮುಚ್ಚಿದ್ದೆ. "ನೋವಾಯ್ತಾ ಅಜ್ಜಿ?" ಎಂದಳು. ನಾನು ಕಣ್ಣು ಬಿಟ್ಟೆ. ಆ ಅಂಗಡಿಯ ಮೊದಲಿನ ಎರಡು ತಲೆಗಳು ನೆನಪಾಗಿದ್ದವು. ಅವನ್ನು ಅಷ್ಟು ಒರಟಾಗಿ ಎಳೆದಿದ್ದೆ, ಸುಮ್ಮನಿದ್ದವು, ನಿಜ. ಆದರೆ ನೋವಾಯಿತೇ ಎಂದು ಅವನ್ನು ನಾನು ಕೇಳಿಯೇ ಇರಲಿಲ್ಲ.