ಒಂದೇ ಟಿಕೆಟ್, ಎರಡು ಮುದ್ರೆ

"ಟೋಕಿಯೊ ನೋಡಿಬಿಟ್ರೆ ಜಪಾನ್ ನೋಡಿದ ಹಾಗೇನು? ಜಪಾನ್ ಅಂದ್ರೆ ಏನು ಅಂತ ಈ ಸಲ ನಾನು ತೋರಿಸ್ತೀನಿ."

ಒಕಾಯಾಮದ ನಮ್ಮ ಬೀದಿಯಲ್ಲಿ, ಮೂರನೆಯ ಮನೆಯ ಕುರೋಸೆ ತಮೋತ್ಸು ಚಹಾ ಬಟ್ಟಲನ್ನು ಮೇಜಿನ ಮೇಲೆ ಕುಟ್ಟಿ ಹೀಗೆ ಘೋಷಿಸಿದಾಗ ಎದುರಿಗಿದ್ದದ್ದು ಹೆಂಡತಿ ಸುಮಿಯೆ ಒಬ್ಬಳೇ. ಆದರೆ ಮಾತು ಹೊರಟದ್ದು ಗೋಡೆಯಾಚೆಗಿನ ಇಸೋಬೆಯಮ್ಮನ ಕಿವಿಗೆ. ಇಸೋಬೆಯಮ್ಮ ನಮ್ಮ ಕೇರಿಯ ಮಹಿಳಾ ಬಸ್ ಪ್ರವಾಸದ ಮುಂದಾಳು. ಫೆಬ್ರವರಿಯಲ್ಲಿ ಮೂವತ್ತು ಹೆಂಗಸರನ್ನು ಟೋಕಿಯೊಗೆ ಕರೆದೊಯ್ದು, ಒಬ್ಬರನ್ನೂ ಕಳೆಯದೆ ವಾಪಸು ತಂದಾಕೆ. ಪ್ರವಾಸ ಹೋಗಿಬಂದವರು ನೆರೆಹೊರೆಗೆಲ್ಲ ಅಲ್ಲಿನ ಸಿಹಿ ಹಂಚಬೇಕಷ್ಟೆ? ಆಕೆ ಹಂಚಿದ ಕೇಕನ್ನು ಸುಮಿಯೆ ಎರಡು ತಿಂದು, "ಮುಂದಿನ ಸಲ ನಾನೂ ಬಸ್ಸಲ್ಲಿ ಹೋಗ್ತೀನಿ" ಅಂದುಬಿಟ್ಟಿದ್ದಳು. ತಮೋತ್ಸುವಿನ ಎದೆಗೆ ಕೊಳ್ಳಿ ಬಿದ್ದದ್ದು ಅಲ್ಲಿ.

ಏಕೆಂದರೆ ಅವರು ರೈಲ್ವೆಯವರು. ನಲವತ್ತೊಂದು ವರ್ಷ ವೇಳಾಪಟ್ಟಿ ವಿಭಾಗದಲ್ಲಿ ಕೂತು ನಿವೃತ್ತರಾಗಿ, ಪಶ್ಚಿಮದ ಬೆಟ್ಟಗುಡ್ಡಗಳಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಸುರಂಗ ಹೊಕ್ಕು ಹೊರಬರುತ್ತದೆ ಎಂದು ನಿದ್ದೆಯಲ್ಲೂ ಒಪ್ಪಿಸಬಲ್ಲವರು. ಅಂಥವರ ಹೆಂಡತಿ ಬಸ್ಸಿನಲ್ಲಿ, ಬಾವುಟ ಹಿಡಿದವಳ ಹಿಂದೆ, ತಲೆ ಎಣಿಸಿಕೊಂಡು ಹೋಗುವುದೇ? ಮಾನ ಎಲ್ಲಿ ಉಳಿಯಿತು?

"ಸುಮ್ನೆ ಮಾತಾಡ್ತೀರಿ. ಮದುವೆಯಾದ ವರ್ಷದಿಂದ ಮಾತ್ಸುಯೆಗೆ ಕರ್ಕೊಂಡು ಹೋಗ್ತೀನಿ, ಸರೋವರದಲ್ಲಿ ಸೂರ್ಯ ಮುಳುಗೋದು ತೋರಿಸ್ತೀನಿ ಅಂತ ಹೇಳ್ತಾನೇ ಇದ್ದೀರಿ. ರಜೆ ಬಂದಾಗಲೆಲ್ಲ ಬೇರೆಯವರ ರೈಲು ಓಡಿಸೋಕೆ ಹೋದ್ರಿ" ಅಂದಳು ಸುಮಿಯೆ.

"ಈ ಏಪ್ರಿಲ್‌ನಲ್ಲೇ ಹೋಗೋಣ. ನನ್ನ ಪ್ಲಾನಿನಲ್ಲಿ ಒಂದೇ ಒಂದು ತಪ್ಪಾದ್ರೂ, ಶರತ್ಕಾಲದಲ್ಲಿ ಇಸೋಬೆಯಮ್ಮನ ಬಸ್ಸು ನಾನೂ ಹತ್ತುತ್ತೀನಿ. ಆಯಮ್ಮನ ಚೀಲ ಹೊತ್ಕೊಂಡು."

"ಬರೆದು ಕೊಡಿ."

ಬರೆದುಕೊಟ್ಟರು. ಕೆಳಗೆ ಸಹಿಯ ಬದಲು ತಮ್ಮ ಹೆಸರಿನ ಮೊಹರನ್ನೂ ಒತ್ತಿದರು. ಸುಮಿಯೆ ಆ ಕಾಗದವನ್ನು ಅಕ್ಕಿ ಡಬ್ಬದ ಮೇಲೆ ಅಂಟಿಸಿದಳು.

ವಸಂತದಲ್ಲಿ ಸಾಧಾರಣ ಗಾಡಿಗಳಿಗೆ ಒಂದು ಅಗ್ಗದ ಟಿಕೆಟ್ ಕೊಡುತ್ತಾರೆ. ಒಂದೇ ಹಾಳೆ, ಇಬ್ಬರು ಹೋದರೆ ಅದರ ಮೇಲೆ ಎರಡು ಮುದ್ರೆ ಒತ್ತುತ್ತಾರೆ, ಆ ಇಬ್ಬರು ಕೊನೆಯವರೆಗೂ ಜೊತೆಗೇ ಇರಬೇಕು. ಹಾಳೆ ತಮೋತ್ಸುವಿನ ಜೇಬು ಸೇರಿತು. ಹೊರಡುವ ಹೊತ್ತಿಗೆ ಸುಮಿಯೆ ಫೋನ್ ತೆಗೆದುಕೊಳ್ಳಲು ಹೋದಳು.

"ಅದು ಮನೆಯಲ್ಲೇ ಇರ್ಲಿ. ದಾರಿ ಗೊತ್ತಿಲ್ಲದವರಿಗೆ ಫೋನು."

"ಹೊಸ ವೇಳಾಪಟ್ಟಿ ಪುಸ್ತಕನಾದ್ರೂ ತಗೊಳ್ಳಿ. ಮಾರ್ಚ್‌ನಲ್ಲಿ ಎಲ್ಲ ಬದಲಾಯಿಸ್ತಾರಂತೆ."

"ಪ್ರತಿ ಮಾರ್ಚ್‌ನಲ್ಲೂ ಬದಲಾಯಿಸ್ತಾರೆ ಕಣೇ. ಬದಲಾಯಿಸ್ತಿದ್ದವನೇ ನಾನು. ಅಲ್ಲೊಂದು ನಿಮಿಷ ಇಲ್ಲೊಂದು ನಿಮಿಷ, ಅಷ್ಟೇ."

ಬೆಳಗಿನ ಗಾಡಿ ಬೆಟ್ಟ ಹತ್ತಿತು. ಹೊಳೆಯ ದಂಡೆಯುದ್ದಕ್ಕೂ ಚೆರ್ರಿ ಹೂವು. ಸುಮಿಯೆಯ ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಮೂರಂತಸ್ತಿನ ಊಟದ ಡಬ್ಬ: ಅನ್ನದುಂಡೆ, ಬಿದಿರುಮೊಳಕೆಯ ಪಲ್ಯ, ತಮೋತ್ಸುವಿನ ಪ್ರಾಣವಾದ ಸುರುಳಿ ಮೊಟ್ಟೆ. ಒಂಬತ್ತರ ಹೊತ್ತಿಗೇ ಅವರ ಕೈ ಡಬ್ಬದ ಕಡೆ ಹೋಯಿತು. ಸುಮಿಯೆ ಆ ಕೈಗೆ ಒಂದು ಏಟು ಕೊಟ್ಟು, ಊಟ ಮಾತ್ಸುಯೆಯಲ್ಲಿ ಎಂದಳು.

ಮಿತ್ಸುಹಾರ ಜಂಕ್ಷನ್ನಿನಲ್ಲಿ ಗಾಡಿ ಹನ್ನೊಂದು ನಿಮಿಷ ನಿಲ್ಲುತ್ತದೆ. ನಾಲ್ಕು ಬೋಗಿಯ ಗಾಡಿಯನ್ನು ಅಲ್ಲಿ ಎರಡಾಗಿ ಬಿಡಿಸುತ್ತಾರೆ. ಎರಡು ಬೋಗಿ ಮಾತ್ಸುಯೆಗೆ, ಇನ್ನೆರಡು ಕುಸಾನೊ ಎಂಬ ಕಣಿವೆಯ ಹಳ್ಳಿಗೆ. ತಮೋತ್ಸು ಹೆಂಡತಿಯನ್ನು ಹಿಂದಿನ ಬೋಗಿಯ ಕಿಟಕಿ ಪಕ್ಕ ಕೂರಿಸಿ ಎದ್ದು ನಿಂತರು.

"ಮಾತ್ಸುಯೆಗೆ ಹೋಗೋದು ಹಿಂದಿನವು. ಮುಂದಿನವು ಕುಸಾನೊಗೆ. ಏನೇ ಆದ್ರೂ ಕೂತ ಜಾಗ ಬಿಟ್ಟು ಏಳಬೇಡ."

"ಧ್ವನಿವರ್ಧಕದಲ್ಲಿ ಏನೋ ಬೇರೆ ಥರ ಹೇಳ್ತಿದ್ದಾರಲ್ಲ ರೀ?"

"ಅದು ಟೋಕಿಯೊದಿಂದ ಬಂದವರಿಗೆ. ನಿನ್ನ ಪಕ್ಕ ನಾನಿದ್ದೀನಿ."

ಹಾಗೆಂದು ಪಕ್ಕದಿಂದ ಎದ್ದು ಹೋದರು. ಯಾಕೆಂದರೆ ನಿಲ್ದಾಣದಲ್ಲಿ ಮುದ್ರೆ ಇತ್ತು. ನಮ್ಮಲ್ಲಿ ಪ್ರತಿ ನಿಲ್ದಾಣಕ್ಕೂ ಅದರದೇ ಒಂದು ರಬ್ಬರ್ ಮುದ್ರೆ. ಪ್ರಯಾಣಿಕರು ನೆನಪಿಗೆಂದು ತಮ್ಮ ಪುಸ್ತಕದಲ್ಲಿ ಒತ್ತಿಕೊಳ್ಳುತ್ತಾರೆ. ತಮೋತ್ಸುವಿನ ಪುಸ್ತಕದಲ್ಲಿ ಮುನ್ನೂರ ಹನ್ನೆರಡು ಮುದ್ರೆಗಳಿದ್ದವು, ಒಂದಾದರೂ ವಾರೆಯಿಲ್ಲ. ಮಿತ್ಸುಹಾರದ್ದು ವಾರೆಯಾಯಿತು. ಸೇತುವೆ, ಹೊಳೆ, ಹೊಳೆಯ ಮೀನು ಎಲ್ಲವೂ ಎಡಕ್ಕೆ ವಾಲಿದವು. ಮತ್ತೆ ಒತ್ತಿದರು. ಈ ಸಲ ಮೀನಿಗೆ ತಲೆ ಬರಲಿಲ್ಲ. ಮೂರನೆಯ ಸಲ ಉಸಿರು ಬಿಗಿಹಿಡಿದು ಒತ್ತುವಾಗ ಸೀಟಿ ಕೇಳಿಸಿತು. ಮುನ್ನೂರ ಹದಿಮೂರನೆಯ ಮುದ್ರೆಯ ಮಸಿ ಊದುತ್ತಾ ಓಡಿ, ಎದುರಿಗೆ ಸಿಕ್ಕ ಬಾಗಿಲೊಳಗೆ ಹಾರಿಕೊಂಡರು. ಬಾಗಿಲು ಮುಚ್ಚಿತು. ಅರುವತ್ತಾರರಲ್ಲೂ ಎಂಥ ಚುರುಕು ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು.

ಮೆಚ್ಚುಗೆ ಮುಗಿಯುವಷ್ಟರಲ್ಲಿ ಕಿಟಕಿಯಾಚೆ ಹಿಂದಿನ ಎರಡು ಬೋಗಿಗಳು ಎಡಗಡೆಯ ಕಣಿವೆಗೆ ತಿರುಗಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಒಂದು ಕಿಟಕಿಯಲ್ಲಿ ಸುಮಿಯೆ, ಊಟದ ಡಬ್ಬವನ್ನು ಅಪ್ಪಿಕೊಂಡು, ಹೇಳಿದ ಮಾತಿನಂತೆ ಕೂತ ಜಾಗ ಬಿಡದೆ ಕೂತಿದ್ದಳು.

"ಅಯ್ಯೋ, ನಾನು ಕುಸಾನೊ ಗಾಡಿ ಹತ್ತಿಬಿಟ್ಟೆ" ಎಂದರು ತಮೋತ್ಸು.

ಪಕ್ಕದಲ್ಲಿ ಈರುಳ್ಳಿ ಸಸಿಯ ಕಂತೆ ಹಿಡಿದಿದ್ದ ರೈತ ಸಮಾಧಾನ ಹೇಳಿದ. "ಇಲ್ಲ ಯಜಮಾನ್ರೇ, ಇದು ಮಾತ್ಸುಯೆಗೇ ಹೋಗೋದು. ಕುಸಾನೊದ್ದು ಹಿಂದಿನವು. ಮಾರ್ಚ್‌ನಿಂದ ಹಿಂದುಮುಂದು ಮಾಡಿದ್ದಾರೆ."

"ಯಾರನ್ನ ಕೇಳಿ ಮಾಡಿದ್ರು?"

ರೈತ ಸಸಿಯ ಕಂತೆ ಸರಿಸಿ ಕೂರಲು ಜಾಗ ಮಾಡಿಕೊಟ್ಟ.

ಮಾತ್ಸುಯೆಯವರೆಗೆ ತಮೋತ್ಸು ಕೂರಲಿಲ್ಲ. ಜೇಬಲ್ಲಿ ಇಬ್ಬರ ಟಿಕೆಟ್; ಕಣಿವೆಯಲ್ಲಿ ಟಿಕೆಟ್ಟಿಲ್ಲದ ಹೆಂಡತಿ. ಅದಕ್ಕಿಂತ ಹೆಚ್ಚಾಗಿ ಕಣ್ಣಮುಂದೆ ಬಂದದ್ದು ಅಕ್ಕಿ ಡಬ್ಬದ ಮೇಲಿನ ಕಾಗದ ಮತ್ತು ಅದರ ಕೆಳಗೆ ಕೆಂಪಗೆ, ಒಂದಿಷ್ಟೂ ವಾರೆಯಾಗದೆ ಕೂತಿದ್ದ ತಮ್ಮದೇ ಮೊಹರು.

ಮಾತ್ಸುಯೆಯಲ್ಲಿ ಇಳಿದರೆ ನಿಲ್ದಾಣವಿಡೀ ಕೇಳುವಂತೆ ಧ್ವನಿವರ್ಧಕ ಮಧುರವಾಗಿ ನುಡಿಯಿತು: "ತಪ್ಪಿಸಿಕೊಂಡವರ ಬಗ್ಗೆ ಪ್ರಕಟಣೆ. ಒಕಾಯಾಮದ ಕುರೋಸೆ ತಮೋತ್ಸು ಎಂಬುವವರು, ವಯಸ್ಸು ಅರುವತ್ತಾರು, ಬೂದು ಟೋಪಿ, ಕೈಯಲ್ಲಿ ಮುದ್ರೆ ಪುಸ್ತಕ. ಇವರನ್ನು ಕಂಡವರು ದಯವಿಟ್ಟು ನಿಲ್ದಾಣದ ಕಚೇರಿಗೆ ಕರೆತನ್ನಿ."

ಮುದುಕಿಯೊಬ್ಬಳು ಅವರ ತೋಳು ಹಿಡಿದು ಕಚೇರಿಗೆ ತಂದೇಬಿಟ್ಟಳು. ಗುಮಾಸ್ತೆ ಫೋನ್ ಕೊಟ್ಟಳು. ಆ ಕಡೆಯಿಂದ ಸುಮಿಯೆಯ ದನಿ, ಅದರ ಹಿಂದೆ ನಾಲ್ಕೈದು ಹೆಂಗಸರ ನಗು.

"ಎಲ್ಲಿದ್ದೀಯೇ? ಏನಾಯ್ತು ನಿಂಗೆ?"

"ನಂಗೇನಾಗ್ಬೇಕು? ಕುಸಾನೊದಲ್ಲಿ ಪ್ಲಾಟ್‌ಫಾರ್ಮ್ ಮೇಲೇ ಬಿಸಿನೀರಿನ ಬುಗ್ಗೆ ಇದೆ ರೀ. ಕಾಲು ಬಿಟ್ಕೊಂಡು ಕೂತಿದ್ದೀನಿ. ಊರ ಹೆಂಗಸರು ಫೋನೂ ಕೊಟ್ಟು ಮೂಲಂಗಿ ಉಪ್ಪಿನಕಾಯಿನೂ ತಂದಿದ್ದಾರೆ, ನಾನು ಡಬ್ಬ ಬಿಚ್ಚಿದ್ದೀನಿ. ಟಿಕೆಟ್ ಬದಲು ಡ್ರೈವರ್ ಒಂದು ಚೀಟಿ ಬರೆದುಕೊಟ್ಟ, ಪಾಪ ಒಳ್ಳೆಯವನು. ಒಂದೂ ಐವತ್ತಕ್ಕೆ ಗಾಡಿ ಇದೆಯಂತೆ, ಹೊತ್ತು ಮುಳುಗೋದ್ರೊಳಗೆ ಬಂದ್ಬಿಡ್ತೀನಿ."

"ಒಂದೂ ಐವತ್ತಕ್ಕೆ ಯಾವ ಗಾಡಿನೂ ಇಲ್ಲ. ನಾಲ್ಕೂವರೆವರೆಗೆ ಅಲ್ಲಿಂದ ನರಪಿಳ್ಳೆ ಹೊರಡಲ್ಲ. ನಾನೇ ಬಂದು ಕರ್ಕೊಂಡು ಬರ್ತೀನಿ."

"ಇದೆ ಅಂತಾರಲ್ರೀ, ಇಲ್ಲಿಯವರೇ."

"ಹಳ್ಳಿಯವರಿಗೇನು ಗೊತ್ತು ವೇಳಾಪಟ್ಟಿ?"

ಆ ಕಡೆ ನೀರು ಕಲಕುವ ಸದ್ದು ಕೇಳಿತು. ಆಮೇಲೆ, "ನೋಡಿ, ಏನೇ ಆದ್ರೂ ಕೂತ ಜಾಗ ಬಿಟ್ಟು ಏಳಬೇಡಿ" ಎಂದು ಫೋನಿಟ್ಟಳು.

ನಲವತ್ತೊಂದು ವರ್ಷ ಸೇವೆ ಸಲ್ಲಿಸಿದವನಿಗೆ ಹೇಳುವ ಮಾತೇ ಇದು? ಗುಮಾಸ್ತೆ ಚಹಾ ತಂದಿಟ್ಟು, ಹೊಸ ವೇಳಾಪಟ್ಟಿಯನ್ನು ಅವರ ಮುಂದೆ ಮೆಲ್ಲನೆ ಸರಿಸಿದಳು. ತಮೋತ್ಸು ಅದರ ಮೇಲೆ ಚಹಾ ಬಟ್ಟಲು ಇಟ್ಟರು. ಆಕೆ ಒಳಗೆ ಹೋದ ಕೂಡಲೇ ಎದ್ದು, ಬಂದ ದಾರಿಯ ಗಾಡಿ ಹತ್ತಿದರು.

ಬೆಟ್ಟದ ದಾರಿಯಲ್ಲಿ ಹಳಿ ಒಂದೇ. ಎದುರು ಗಾಡಿಗೆ ದಾರಿ ಬಿಡಲು ಅವರ ಗಾಡಿ ಒಂದು ಪುಟ್ಟ ನಿಲ್ದಾಣದಲ್ಲಿ ನಿಂತಿತು. ಎದುರಿನದೂ ಬಂದು ಪಕ್ಕಕ್ಕೇ ನಿಂತಿತು, ಕಿಟಕಿಗೆ ಕಿಟಕಿ. ತಮೋತ್ಸು ತಲೆಯೆತ್ತಿ ನೋಡಿದರೆ ಒಂದು ಮೊಳ ದೂರದಲ್ಲಿ, ಎರಡು ಗಾಜುಗಳ ಆಚೆ, ಸುಮಿಯೆ ಅನ್ನದುಂಡೆ ತಿನ್ನುತ್ತಿದ್ದಳು.

ಗಾಜು ಬಡಿದರು. ಸುಮಿಯೆ ತಿರುಗಿದಳು. ಬಾಯಲ್ಲಿ ಅನ್ನ, ಕಣ್ಣಲ್ಲಿ ಬೆಂಕಿ. ಕೆಳಗೆ ಬೆರಳು ತೋರಿಸಿ, ಕೂತ ಜಾಗ, ಕೂತ ಜಾಗ ಎಂದು ಕೈಸನ್ನೆಯಲ್ಲೇ ಬೈದಳು. ತಮೋತ್ಸು ಟಿಕೆಟ್ ತೆಗೆದು ಗಾಜಿಗೆ ಒತ್ತಿ ತೋರಿಸಿದರು. ಅದರಿಂದ ಏನು ಪ್ರಯೋಜನವೆಂದುಕೊಂಡಿದ್ದರೋ ದೇವರೇ ಬಲ್ಲ. ಬಾಗಿಲಿಗೆ ಓಡಿದರು, ಅದಾಗಲೇ ಮುಚ್ಚಿತ್ತು. ಎರಡೂ ಗಾಡಿಗಳು ಸರಿಯಾದ ಸಮಯಕ್ಕೆ, ಒಂದು ಕ್ಷಣವೂ ತಡವಿಲ್ಲದೆ, ಹೊರಟವು. ಆ ಸಮಯಪಾಲನೆಗೆ ತಮೋತ್ಸು ಜೀವನದಲ್ಲಿ ಮೊದಲ ಬಾರಿಗೆ ಶಾಪ ಹಾಕಿದರು.

ಆದರೂ ಎದೆಗುಂದಲಿಲ್ಲ. ಮಿತ್ಸುಹಾರದಿಂದ ನಾಲ್ಕಕ್ಕೆ ಮಾತ್ಸುಯೆಗೆ ಗಾಡಿ ಇದೆ, ಕಂಠಪಾಠ. ಮಿತ್ಸುಹಾರದಲ್ಲಿ ಇಳಿದು ನೋಡಿದರೆ ಆ ಗಾಡಿಯನ್ನು ಮಾರ್ಚ್‌ನಲ್ಲೇ ರದ್ದುಮಾಡಿ ಫಲಕಕ್ಕೆ ಬಿಳಿ ಕಾಗದ ಅಂಟಿಸಿದ್ದರು. ಇದ್ದದ್ದು ಎರಡೇ. ಒಂದು ಒಕಾಯಾಮಕ್ಕೆ, ಅಲ್ಲಿ ಗೋಡೆಯಾಚೆ ಇಸೋಬೆಯಮ್ಮ. ಇನ್ನೊಂದು ಕುಸಾನೊಗೆ. ತಮೋತ್ಸು ಕುಸಾನೊ ಗಾಡಿ ಹತ್ತಿದರು.

ಆ ಕಡೆಯ ಗಾಡಿಗಳಲ್ಲಿ ಡ್ರೈವರನೇ ಟಿಕೆಟ್ ನೋಡುತ್ತಾನೆ. ಇಳಿಯುವಾಗ ಆತ ಹಾಳೆಯನ್ನು ತಿರುಗಿಸಿ ನೋಡಿದ.

"ಎರಡು ಮುದ್ರೆ ಇದೆ. ಇನ್ನೊಬ್ಬರೆಲ್ಲಿ?"

"ಮಾತ್ಸುಯೆಯಲ್ಲಿ."

ಆತ ಟೋಪಿ ತೆಗೆದು ತಲೆ ಬಾಗಿಸಿದ. "ಓ, ತಾವೇನಾ. ಬೆಳಿಗ್ಗೆ ಒಬ್ರು ಟಿಕೆಟ್ ಇಲ್ದೆ ಬಂದ್ರು. ಈಗ ನೀವು ಹೆಂಡ್ತಿ ಇಲ್ದೆ ಬಂದ್ರಿ. ಒಟ್ಟಿನಲ್ಲಿ ಲೆಕ್ಕ ಸರಿಹೋಯ್ತು ಬಿಡಿ."

ಪ್ಲಾಟ್‌ಫಾರ್ಮಿನ ಬಿಸಿನೀರಿನಲ್ಲಿ ಕಾಲಿಳಿಬಿಟ್ಟು ಕೂತಿದ್ದ ಮುದುಕಿಯರು ಸರಿದು ಜಾಗ ಮಾಡಿಕೊಟ್ಟರು. ಯಾರೆಂದು ಕೇಳಲಿಲ್ಲ. ಅವರಲ್ಲಿ ಹಿರಿಯಳು, ಮರಗೆತ್ತನೆಯ ಓಯಿಶಿಯಜ್ಜಿ, ಒಂದು ಪುಟ್ಟ ತಟ್ಟೆ ಮುಂದಿಟ್ಟಳು. ಅದರಲ್ಲಿ ಸುರುಳಿ ಮೊಟ್ಟೆಯ ಒಂದು ತುಂಡು.

"ತಿನ್ನಿ. ಬೆಳಿಗ್ಗೆ ಒಕಾಯಾಮದ ಒಬ್ಬ ಹೆಣ್ಣುಮಗಳು ತಂದಿದ್ದು. ಎಷ್ಟು ಚೆನ್ನಾಗಿ ಮಾಡ್ತಾಳೆ ಅಂತೀರಿ. ನನ್ನ ಗಂಡನಿಗೆ ಇದು ಪ್ರಾಣ, ಒಂದು ಎತ್ತಿಡಿ, ಹೇಗಿದ್ರೂ ಇಲ್ಲಿಗೇ ಬರ್ತಾರೆ ಅಂದ್ಲು."

"ಬರ್ತಾನೆ ಅಂತ ಅವಳಿಗೆ ಹೇಗೆ ಗೊತ್ತಾಯ್ತು?"

"ಕೂರು ಅಂತ ಹೇಳಿದ್ದೀನಿ, ಅಂದ್ಮೇಲೆ ಕೂರಲ್ಲ, ಅಂದ್ಲು."

ತಮೋತ್ಸು ಮೊಟ್ಟೆ ತಿಂದರು. ಇಷ್ಟು ವರ್ಷ ಈ ಹೆಂಗಸು ತನ್ನನ್ನು ವೇಳಾಪಟ್ಟಿಯಂತೆ ಬಾಯಿಪಾಠ ಮಾಡಿಕೊಂಡಿದ್ದಾಳೆ, ತಾನೋ ಅವಳಿಗೆ ಒಂದು ಸೂರ್ಯಾಸ್ತ ತೋರಿಸಲಾರದೆ ಹೋದೆ ಎಂದು ನಿಜವಾಗಿಯೂ ಸಂಕಟವಾಯಿತು. ಅಂದು ಮತ್ತೆ ಗಾಡಿಯಿಲ್ಲದೆ ಅಜ್ಜಿಯ ಮನೆಯಲ್ಲೇ ಉಳಿದು, ಸಂಜೆ ಅಲ್ಲಿಂದ ಮಾತ್ಸುಯೆಯಲ್ಲಿ ತಾವು ಕಾದಿರಿಸಿದ್ದ ವಸತಿಗೃಹಕ್ಕೆ ಫೋನ್ ಮಾಡಿದರು.

"ಸೂರ್ಯ ಮುಳುಗಿದ್ನಾ?"

"ಮುಳುಗಿದ. ನೀರೆಲ್ಲ ಕೆಂಪಾಯ್ತು. ತುಂಬ ಚೆನ್ನಾಗಿತ್ತು ರೀ." ಆಮೇಲೆ ಸಣ್ಣ ದನಿಯಲ್ಲಿ, "ನೀವೂ ಇರ್ಬೇಕಿತ್ತು. ನಿಮ್ಮ ಪಾಲಿನ ಚಿಪ್ಪುಮೀನಿನ ಸಾರೂ ನಾನೇ ಕುಡಿದೆ."

ಎರಡನೆಯ ದಿನ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಒಕಾಯಾಮಕ್ಕೆ ಬಂದಿಳಿದು, ನಿಲ್ದಾಣದಲ್ಲಿ ಕೂಡಿಕೊಂಡು, ಜೊತೆಯಾಗಿಯೇ ಬೀದಿಗೆ ಕಾಲಿಟ್ಟರು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಇಸೋಬೆಯಮ್ಮನ ಬಾಗಿಲಲ್ಲಿ ಸುಮಿಯೆ ಮಾತ್ಸುಯೆಯ ಸಿಹಿಯ ಪೆಟ್ಟಿಗೆ ಕೊಟ್ಟಳು, ತಮೋತ್ಸು ಕುಸಾನೊದ ಉಪ್ಪಿನಕಾಯಿ ಕೊಟ್ಟರು.

"ಎರಡೂ ಊರು ನೋಡಿದ್ರಾ? ಎರಡೇ ದಿನದಲ್ಲಿ?" ಇಸೋಬೆಯಮ್ಮ ಬೆರಗಾದಳು.

"ಪ್ಲಾನು ಹಾಗಿತ್ತು" ಎಂದರು ತಮೋತ್ಸು ಗಂಭೀರವಾಗಿ.

ಸುಮಿಯೆ ತಮ್ಮ ಮನೆಯೊಳಗೆ ಹೋಗಿ ಅಕ್ಕಿ ಡಬ್ಬದ ಮೇಲಿನ ಕಾಗದ ಕಿತ್ತು ತಂದು ಇಸೋಬೆಯಮ್ಮನ ಕೈಗಿತ್ತಳು.

ಅಕ್ಟೋಬರಿನಲ್ಲಿ ಬಸ್ಸು ಹೊರಟಿತು. ಟೋಕಿಯೊ ಕಡೆಗಲ್ಲ, ಸುಮಿಯೆಯ ಮಾತಿನಂತೆ ಕುಸಾನೊದ ಬಿಸಿನೀರಿಗೂ ಅಲ್ಲಿಂದ ಮಾತ್ಸುಯೆಯ ಸೂರ್ಯಾಸ್ತಕ್ಕೂ. ಮೂವತ್ತು ಹೆಂಗಸರು, ಒಬ್ಬ ಗಂಡಸು. ಬಾವುಟ ಸುಮಿಯೆಯ ಕೈಯಲ್ಲಿ, ಇಸೋಬೆಯಮ್ಮನ ಚೀಲ ತಮೋತ್ಸುವಿನ ತೊಡೆಯ ಮೇಲೆ. ಅವರ ಕೊರಳಲ್ಲಿ ದಾರಕ್ಕೆ ಪೋಣಿಸಿದ ಮರದ ಬಿಲ್ಲೆಯೊಂದು ತೂಗುತ್ತಿತ್ತು. ಹಬ್ಬದ ಗುಂಪಿನಲ್ಲಿ ಮಕ್ಕಳು ಕಳೆದುಹೋಗದಿರಲೆಂದು ಹೆಸರು ಬರೆದು ಕಟ್ಟುವ ಬಿಲ್ಲೆ ಅದು. ಸುಮಿಯೆ ಹೇಳಿ ಕಳಿಸಿದ್ದಕ್ಕೆ ಓಯಿಶಿಯಜ್ಜಿ ಕೆತ್ತಿ ಕಳಿಸಿದ್ದಳು. ಮುಂಭಾಗದಲ್ಲಿ ಹೆಸರು, ವಿಳಾಸ. ಬಸ್ಸು ಬೆಟ್ಟ ಹತ್ತುವಾಗ ತಮೋತ್ಸು ಅದನ್ನು ಮೆಲ್ಲನೆ ತಿರುಗಿಸಿ ಹಿಂಬದಿ ಓದಿದರು.

"ಇವರು ಸಿಕ್ಕರೆ ಕೂತ ಜಾಗದಲ್ಲೇ ಕೂರಿಸಿ. ರೈಲಿನ ವೇಳೆ ಮಾತ್ರ ಕೇಳಬೇಡಿ."