ಕೆಂಪು ಸ್ಪೋರ್ಟ್ಸ್ ಕಾರಿನ ಹಿಂದೆ ಅಕ್ಕನ ಮೇಜು ಎಳೆದ ಬಗ್ಗೆ

ಇಂದ:
ಕನ್ನಡಕದ ಅಂಗಡಿಯವನು,
ಬ್ಯಾಂಕಿನ ಹಿಂದಿನ ರಸ್ತೆ.

ಗೆ:
ಮುಖ್ಯ ತಪಾಸಣಾಧಿಕಾರಿಗಳು,
ವಾಹನ ನೋಂದಣಿ ಕಚೇರಿ.

ವಿಷಯ: ಪುರಾತನ ಸ್ಪೋರ್ಟ್ಸ್ ಕಾರಿಗೆ ಟ್ರೇಲರ್ ಕಟ್ಟಿ, ಪರವಾನಗಿಯಿಲ್ಲದೆ ಸರಕು ಸಾಗಿಸಿದ ಆಪಾದನೆಯನ್ನು ಕೈಬಿಡುವಂತೆ ಕೋರಿ.

ಉಲ್ಲೇಖ: 1) ತಮ್ಮ ಕಚೇರಿಯ ನೋಟಿಸು.
2) ಸದರಿ ನೋಟಿಸಿಗೆ ಮೂಲವಾದ, ನನ್ನ ಭಾವನವರ ದೂರು.

ಮಾನ್ಯರೇ,

ಉಲ್ಲೇಖ (1)ರಲ್ಲಿ, ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ ಕೆಂಪು ಕಾರಿನಿಂದ ಸರಕು ಎಳೆದದ್ದೇಕೆ ಎಂದು ಸಮಜಾಯಿಷಿ ಕೇಳಿದ್ದೀರಿ. ಸಮಜಾಯಿಷಿಗೆ ನೋಟಿಸಿನ ಕೆಳಗೆ ಒಂದೂವರೆ ಸಾಲು ಜಾಗ ಬಿಟ್ಟಿದ್ದೀರಿ. ನಮ್ಮ ಮನೆಯ ವಿಚಾರ ಅಷ್ಟರಲ್ಲಿ ಹಿಡಿಸದ ಕಾರಣ, ಈ ಪ್ರತ್ಯೇಕ ಅರ್ಜಿಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಸದರಿ ಕಾರು ನನಗಿಂತ ಹಿರಿಯದು. ಯಾರದೋ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದುದನ್ನು ತಂದು, ಕನ್ನಡಕ ತಿಕ್ಕಿ ಉಳಿದ ಹೊತ್ತಿನಲ್ಲೆಲ್ಲ ಅದನ್ನು ತಿಕ್ಕಿ, ಓಡುವ ಹಾಗೆ ಮಾಡಿಕೊಂಡಿದ್ದೇನೆ. ಊರಿನಲ್ಲಿ ಅತಿ ಹೆಚ್ಚು ಲಾರಿಗಳನ್ನಿಟ್ಟುಕೊಂಡು ಮನೆ ಸಾಮಾನು ಸಾಗಿಸುವ ಕಂಪನಿ ನಡೆಸುತ್ತಿರುವ ನನ್ನ ಭಾವನವರಿಗೆ ಈ ಕಾರು ಮೊದಲಿನಿಂದಲೂ ತಮಾಷೆಯ ವಸ್ತು. "ಇದರಲ್ಲಿ ಒಂದು ಎಲೆಕೋಸು ಇಡ್ಬೇಕಂದ್ರೆ ಡ್ರೈವರ್ ಕೆಳಗಿಳೀಬೇಕು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತಿನಲ್ಲಿ ಸತ್ಯಾಂಶವಿದ್ದ ಕಾರಣ ನಾನು ಆಕ್ಷೇಪಣೆ ಸಲ್ಲಿಸಿರಲಿಲ್ಲ.

2. ನನ್ನ ಅಕ್ಕ, ಅಂದರೆ ಭಾವನವರ ಹೆಂಡತಿ, ಹೊಲಿಗೆಯವಳು. ಮದುವೆಗೆ ಮುಂಚೆಯೇ ಆಕೆ ಬಟ್ಟೆ ಕತ್ತರಿಸುವುದಕ್ಕೆಂದು ಬಾಗಿಲಿನಷ್ಟು ಅಗಲದ ಮರದ ಮೇಜೊಂದನ್ನು ಮಾಡಿಸಿಕೊಂಡಿದ್ದಳು. ಭಾವನ ಕಂಪನಿ ಬೆಳೆದ ಹಾಗೆಲ್ಲ ಈ ಮೇಜು ಮನೆಯೊಳಗೆ ಹಿಂದೆ ಹಿಂದೆ ಸರಿಯಿತು. ಮೊದಲು ಪಡಸಾಲೆಯಲ್ಲಿತ್ತು. ಆಮೇಲೆ ನಡುಮನೆಗೆ, ಆಮೇಲೆ ಹಿಂದಿನ ವರಾಂಡಕ್ಕೆ ಹೋಯಿತು. ಕೊನೆಗೆ ಗ್ಯಾರೇಜಿನ ಮೂಲೆ ಸೇರಿತು, ಅದರ ಮೇಲೆ ಲಾರಿಯ ಬಿಡಿಭಾಗಗಳು ಬಂದು ಕೂತವು. ಅಕ್ಕ ಊಟದ ಮೇಜಿನ ಮೇಲೆ ಬಟ್ಟೆ ಹರಡಿದರೆ ಭಾವ, "ಲಾರಿ ಮಾಲೀಕನ ಹೆಂಡ್ತಿ ಊರವರ ಪ್ಯಾಂಟು ಕತ್ತರಿಸ್ತಾ ಕೂತ್ರೆ ನನಗೇನು ಮರ್ಯಾದೆ?" ಎನ್ನುತ್ತಿದ್ದರು. ಹಾಗೆನ್ನುವಾಗ ಅವರು ತೊಟ್ಟಿರುತ್ತಿದ್ದ ಶರ್ಟು ಅಕ್ಕನೇ ಹೊಲಿದದ್ದು ಎಂಬುದನ್ನು ದಾಖಲೆಗಾಗಿ ಮಾತ್ರ ತಿಳಿಸುತ್ತಿದ್ದೇನೆ.

3. ಕಳೆದ ತಿಂಗಳು ಭಾವನವರು ಬಡಗಿಯನ್ನು ಕರೆಸಿ, ಮೇಜನ್ನು ಕೊಯ್ದು ಟೈರು ಇಡುವ ಕಪಾಟು ಮಾಡಲು ಅಳತೆ ಕೊಟ್ಟರು. ಬಡಗಿ ಗೆರೆ ಎಳೆದು, ನಾಳೆ ಗರಗಸ ತರುತ್ತೇನೆಂದು ಹೇಳಿ ಹೋದ. ಅಕ್ಕ ಆಗಲೇ ನನ್ನ ಅಂಗಡಿಗೆ ಫೋನ್ ಮಾಡಿದಳು.

"ನಿನ್ನ ಕಾರಿನ ಹಿಂದೆ ಒಂದು ಗಾಡಿ ಕಟ್ಟೋಕಾಗುತ್ತಾ?"

"ಯಾಕಕ್ಕಾ?"

"ಮೇಜು ತರಬೇಕು."

"ಬರೀ ಮೇಜಾ?"

"ಮೇಜು, ಮಿಷನ್ನು, ಆಮೇಲೆ ನಾನು."

ನಾನು ಆಗ ಗಿರಾಕಿಯೊಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಅವರಿಗೆ ಅಕ್ಷರ ಕಾಣುತ್ತಿತ್ತು, ನನಗೆ ಕಾಣದಾಯಿತು.

4. "ಲಾರಿ ತರಿಸು" ಎಂದು ನಾನು ಹೇಳಬಹುದಿತ್ತು. ಆದರೆ ಊರಿನ ಲಾರಿಗಳೆಲ್ಲ ಭಾವನವು, ಅವರದಲ್ಲದವು ಅವರ ಸ್ನೇಹಿತರವು. "ಹೋಗ್ತೀಯಾ? ಹೋಗು. ಯಾವ ಲಾರಿ ಬರುತ್ತೋ ನಾನೂ ನೋಡ್ತೀನಿ" ಎಂದು ಅವರು ಅಷ್ಟರಲ್ಲಿ ಹೇಳಿಯೂ ಆಗಿತ್ತು. ಆದ್ದರಿಂದ ಅಕ್ಕನ ಪಾಲಿಗೆ ಇಡೀ ಊರಿನಲ್ಲಿ ಚಕ್ರವಿರುವ ವಸ್ತುವೆಂದರೆ ಸದರಿ ಕೆಂಪು ಕಾರೊಂದೇ ಉಳಿದಿತ್ತು.

5. ಟ್ರೇಲರ್, ಪಕ್ಕದ ಮನೆಯ ತೋಟಗಾರರಿಂದ ಎರವಲು ಪಡೆದದ್ದು. ಹುಲ್ಲು ಕತ್ತರಿಸುವ ಯಂತ್ರ ಹೊರಲು ಮಾಡಿದ ಪುಟ್ಟ ಗಾಡಿ. ಅದನ್ನು ಸಿಕ್ಕಿಸಲು ಕಾರಿನ ಹಿಂಭಾಗಕ್ಕೆ ಕೊಕ್ಕೆ ಬೆಸೆಯಬೇಕಿತ್ತು. ಬೆಸುಗೆಯವನು ಕಾರನ್ನು ಒಂದು ಸುತ್ತು ಹಾಕಿ, "ಸಾರ್, ಇಂಥ ಚೆಂದದ ಗಾಡಿಗೆ ತೂತು ಕೊರೆಯೋಕೆ ನನಗೆ ಮನಸ್ಸೇ ಬರ್ತಿಲ್ಲ" ಎಂದ. ವಿಷಯ ಹೇಳಿದೆ. "ಮೊದಲೇ ಹೇಳ್ಬಾರ್ದಾ?" ಎಂದು ಕಪ್ಪು ಗಾಜಿನ ಕವಚವನ್ನು ಮುಖಕ್ಕೆಳೆದುಕೊಂಡು ಕಿಡಿ ಹಾರಿಸತೊಡಗಿದ. ಹೀಗೆ ಮೂಲ ದೇಹಕ್ಕೆ ತೂತು ಬಿದ್ದ ಕಾರಣ ಪುರಾತನ ಕಾರುಗಳ ಸಂಘವು ನನ್ನನ್ನು ಸದಸ್ಯತ್ವದಿಂದ ಕೈಬಿಟ್ಟು, ಕಾರಿಗೆ ಸಂತಾಪ ಸೂಚಿಸಿದೆ.

6. ಮರುದಿನ ಬೆಳಿಗ್ಗೆ, ಬಡಗಿ ಬರುವ ಮುನ್ನ, ನಾವು ಮೇಜನ್ನು ತಲೆಕೆಳಗು ಮಾಡಿ ಟ್ರೇಲರಿನ ಮೇಲಿಟ್ಟು ಹಗ್ಗ ಬಿಗಿದೆವು. ನಾಲ್ಕೂ ಕಾಲು ಆಕಾಶಕ್ಕೆತ್ತಿ ಬಿದ್ದ ಎಮ್ಮೆಯ ಹಾಗೆ ಕಾಣುತ್ತಿತ್ತು. ಹೊಲಿಗೆ ಯಂತ್ರವನ್ನು ಅಕ್ಕ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಳು. ಆಕೆಯ ಬಟ್ಟೆಗಳ ಪೆಟ್ಟಿಗೆಗೆ ಜಾಗ ಸಾಲಲಿಲ್ಲ. "ಬಿಡು, ಹೊಲಿದುಕೊಳ್ತೀನಿ" ಎಂದಳು.

7. ಭಾವನವರು ಗೇಟಿನ ಹತ್ತಿರ ನಿಂತು ನಕ್ಕರು. ಅಕ್ಕಪಕ್ಕದವರು ಹೊರಗೆ ಬರುವಷ್ಟು ಜೋರಾಗಿ ನಕ್ಕರು. "ಸೇತುವೆ ಏರು ಹತ್ತಲ್ಲ ಕಣೋ ಇದು! ಅರ್ಧ ದಾರೀಲಿ ನನ್ನ ಲಾರಿಗೇ ಕೈ ಅಡ್ಡ ಹಾಕ್ತೀರಾ!" ಎಂದರು. ಅಕ್ಕ ಹಿಂತಿರುಗಿ ನೋಡಲಿಲ್ಲ. ಯಂತ್ರದ ಚಕ್ರವನ್ನು ಮಾತ್ರ ಬೆರಳಿನಿಂದ ಸುಮ್ಮನೆ ತಿರುಗಿಸುತ್ತಿದ್ದಳು.

8. ಕಾರು ಏರು ಹತ್ತುತ್ತಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬಯಸುತ್ತೇನೆ. ಕೆಮ್ಮುತ್ತ, ಆವಿ ಬಿಡುತ್ತ, ಆದರೂ ಹತ್ತುತ್ತಿತ್ತು. ಏರಿನ ನಟ್ಟನಡುವೆ ತಮ್ಮ ಕಚೇರಿಯ ತಪಾಸಣಾ ಸಿಬ್ಬಂದಿಯೊಬ್ಬರು ಕೈ ತೋರಿಸಿ ನಿಲ್ಲಿಸಿದರು.

"ಏನ್ರೀ ಇದು?"

"ಕಾರು."

"ಅದರ ಹಿಂದೆ?"

"ಮೇಜು."

"ಕಾರಿನ ಹಿಂದೆ ಮೇಜು ಯಾಕ್ರೀ ಇದೆ?"

ಅಕ್ಕ ಹೇಳಿದಳು: "ಒಳಗೆ ಜಾಗ ಇಲ್ವಲ್ಲಪ್ಪಾ."

ಅವರು ವಿವರ ಬರೆದುಕೊಂಡು "ಹೊರಡಿ" ಎಂದರು. ಆದರೆ ಏರಿನಲ್ಲಿ ಒಮ್ಮೆ ನಿಂತ ಕಾರು ಮತ್ತೆ ಹೊರಡಲು ಒಪ್ಪಲಿಲ್ಲ. ಬೆಸುಗೆ ಹಾಕಿದ ಹಾಗೆ ಕ್ಲಚ್ ಸುಟ್ಟ ವಾಸನೆ ಬಂತು. ಹಿಂದೆ ಹಾರನ್ನುಗಳು ಶುರುವಾದವು. ಸಾಲಿನ ಮೊದಲಿಗೆ, ನಮ್ಮ ಹಿಂದೆಯೇ, ಭಾವನವರ ದೊಡ್ಡ ಲಾರಿ ನಿಂತಿತ್ತು.

9. ಲಾರಿಯಿಂದ ಮೀಸೆಯಣ್ಣ ಇಳಿದ. ಭಾವನ ಕಂಪನಿಯ ಅತಿ ಹಳೆಯ ಡ್ರೈವರು. ಜೊತೆಗೆ ಸಾಮಾನು ಹೊರುವವರೂ ಇಳಿದರು. ಅಕ್ಕ ಯಂತ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. 

"ಅಕ್ಕಾ, ನಿಮ್ಮ ಸಾಮಾನು ಲಾರಿಗೆ ಹಾಕ್ಕೋಬಾರ್ದು ಅಂತ ಮಾಲೀಕರು ಹೇಳಿದ್ದಾರೆ" ಎಂದ ಮೀಸೆಯಣ್ಣ.

"ಗೊತ್ತು ಕಣಪ್ಪ. ನಿನ್ನ ಕೆಲಸಕ್ಕೆ ಕುತ್ತು ತಂದುಕೋಬೇಡ."

"ಎಳೀಬಾರ್ದು ಅಂತಾನೂ ಹೇಳಿದ್ದಾರೆ." ಅವನು ಅಂಗಿಯ ತೋಳು ಮಡಿಸಿಕೊಂಡ. "ತಳ್ಳಬಾರ್ದು ಅಂತ ಹೇಳಿಲ್ಲ."

ಅವರೆಲ್ಲ ಮೇಜಿಗೆ ಕೈ ಹಚ್ಚಿದರು. ಹಾರನ್ನುಗಳ ಸದ್ದು ತಡೆಯಲಾರದೆ ತಮ್ಮ ಸಿಬ್ಬಂದಿಯೂ ರಸೀದಿ ಪುಸ್ತಕವನ್ನು ಜೇಬಿಗೆ ತುರುಕಿ ತಳ್ಳಿದರು. ಕರ್ತವ್ಯದ ವೇಳೆಯಾದ್ದರಿಂದ ಅವರ ಗುರುತು ಹೇಳಲು ಇಚ್ಛಿಸುವುದಿಲ್ಲ. ಕಾರು ಜಿಗಿದು ಹೊರಟಿತು. ಸೇತುವೆಯ ನೆತ್ತಿ ದಾಟಿ ಇಳಿಜಾರಿಗೆ ಬಿದ್ದಾಗ ಟ್ರೇಲರ್ ಹಿಂದಿನಿಂದ ನಮ್ಮನ್ನೇ ನೂಕತೊಡಗಿತು. ಬ್ರೇಕು ಹಿಡಿದೂ ಹಿಡಿಯದ ಹಾಗಿತ್ತು. ನಾನು ಹೆದರಿ ಅಕ್ಕನ ಕಡೆ ನೋಡಿದೆ.

ಅಕ್ಕ ನಗುತ್ತಿದ್ದಳು. ತಲೆಗೂದಲು ಬಿಚ್ಚಿ, ಕಣ್ಣಲ್ಲಿ ನೀರು ಹರಿದು, ಬಾಯಿ ತುಂಬ ನಗುತ್ತಿದ್ದಳು. "ಇನ್ನೂ ಜೋರಾಗಿ ಬಿಡೋ!" ಎಂದು ಕೂಗಿದಳು. ಆಗಲೇ ಜೋರಾಗಿ ಹೋಗುತ್ತಿದ್ದೆವು. ಅದು ನನ್ನ ಕೈಯಲ್ಲಿರಲಿಲ್ಲ.

10. ಈಗ ಕಾನೂನಿನ ವಿಚಾರ. ಪುರಾತನ ವಾಹನವನ್ನು "ಪ್ರದರ್ಶನ ಹಾಗೂ ಸಂತೋಷಕ್ಕಾಗಿ ಮಾತ್ರ" ಓಡಿಸತಕ್ಕದ್ದು, ಅಗತ್ಯಕ್ಕಾಗಿ ಓಡಿಸತಕ್ಕದ್ದಲ್ಲ ಎಂಬ ನಿಯಮವನ್ನು ನೋಟಿಸಿನಲ್ಲಿ ಎತ್ತಿ ತೋರಿಸಿದ್ದೀರಿ. ಪ್ರದರ್ಶನದ ಮಟ್ಟಿಗೆ, ಅಂದು ಇಡೀ ಊರು ನಮ್ಮನ್ನು ನೋಡಿದೆ. ಸಂತೋಷದ ಮಟ್ಟಿಗೆ, ಮೇಲಿನ ಕಂಡಿಕೆಯನ್ನು ಪರಾಮರ್ಶಿಸಬೇಕಾಗಿ ಕೋರುತ್ತೇನೆ. ಅಕ್ಕ ಹಾಗೆ ನಕ್ಕದ್ದನ್ನು ಆಕೆಯ ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಆದಕಾರಣ ನಿಯಮ ಉಲ್ಲಂಘನೆಯಾಗಿಲ್ಲ. ಪ್ರಾಯಶಃ ಅಕ್ಷರಶಃ ಪಾಲನೆಯಾದದ್ದು ಇದೇ ಮೊದಲು.

11. ಸದ್ಯದ ಸ್ಥಿತಿ ಹೀಗಿದೆ. ಅಕ್ಕ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾಳೆ. ಮೇಜು ಮೆಟ್ಟಿಲು ಹತ್ತದ ಕಾರಣ ಅಂಗಡಿಯೊಳಗೇ ಇದೆ. ಕಣ್ಣು ತೋರಿಸಲು ಬಂದವರು ಪ್ಯಾಂಟಿನ ಅಂಚು ಮಡಿಸಿಕೊಂಡು ಹೋಗುತ್ತಾರೆ. ಕೆಲವರು ಕಣ್ಣು ತೋರಿಸುವುದನ್ನೇ ಮರೆಯುತ್ತಾರೆ. ಹೋದ ವಾರ ಭಾವನವರು ಫೋನ್ ಮಾಡಿದ್ದರು. "ನನ್ನ ನೀಲಿ ಶರ್ಟಿನ ಗುಂಡಿ ಕಿತ್ತುಹೋಗಿದೆ, ಗುಂಡಿ ಡಬ್ಬ ಎಲ್ಲಿಟ್ಟಿದ್ದೀಯ?" ಎಂದು ಕೇಳಿದರು. "ಅಂಗಡಿಗೆ ತಂದುಕೊಡಿ. ತುಂಬಾ ಜನ ಇದ್ದಾರೆ, ಸರದಿ ಬಂದಾಗ ಹಾಕಿಕೊಡ್ತೀನಿ" ಎಂದು ಅಕ್ಕ ಹೇಳಿದಳು. ದೂರು ತಮ್ಮ ಕಚೇರಿಗೆ ತಲುಪಿದ್ದು ಅದರ ಮಾರನೆಯ ದಿನ ಎಂಬುದನ್ನು ಗಮನಿಸಬೇಕು.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, ನನ್ನ ಮೇಲಿನ ಆಪಾದನೆಯನ್ನು ಕೈಬಿಟ್ಟು, ಟ್ರೇಲರ್ ಕಟ್ಟಿಕೊಂಡು ಓಡಾಡಲು ಅನುಮತಿ ನೀಡಬೇಕಾಗಿ ವಿನಂತಿ.

ತಮ್ಮ ನಿಯಮಗಳ ಮೇಲೆ ಇಷ್ಟಾದರೂ ವಿಶ್ವಾಸ ಉಳಿಸಿಕೊಂಡಿರುವ,
ಅರ್ಜಿದಾರ

ಲಗತ್ತುಗಳು:
1) ಪುರಾತನ ಕಾರುಗಳ ಸಂಘದ ಸಂತಾಪ ಪತ್ರ.
2) ಬೆಸುಗೆಯವನ ಪ್ರಮಾಣಪತ್ರ. ("ಗಟ್ಟಿ ಇದೆ" ಎಂದಷ್ಟೇ ಬರೆದಿದ್ದಾನೆ.)
3) ಮೇಜಿನ ಭಾವಚಿತ್ರ, ಬಡಗಿ ಎಳೆದ ಗೆರೆ ಕಾಣುವಂತೆ.

ವಿಶೇಷ ಸೂಚನೆ: ಬರುವ ಭಾನುವಾರ ಅಕ್ಕನ ನಿಲುವುಗನ್ನಡಿಯನ್ನು ಇದೇ ಕಾರಿನಲ್ಲಿ, ಇದೇ ಸೇತುವೆಯ ಮೇಲೆ ತರಲಾಗುವುದು. ಅಂದು ತಪಾಸಣೆಯನ್ನು ದಯವಿಟ್ಟು ಸಮತಟ್ಟಾದ ಜಾಗದಲ್ಲಿ ನಡೆಸಬೇಕು. ಏರಿನಲ್ಲಿಯೇ ನಡೆಸುವುದು ಅನಿವಾರ್ಯವಾದಲ್ಲಿ, ತೋಳಿನಲ್ಲಿ ಕಸುವಿರುವ ಸಿಬ್ಬಂದಿಯನ್ನು ನಿಯೋಜಿಸಬೇಕಾಗಿ ಪ್ರಾರ್ಥನೆ.