ಕೆಂಪು ಶಾಯಿಯ ಚಟ್ನಿ ಪಾಕೀಟು

ಬರೆದು ಕಳಿಸಿದರೆ ಸಾಕು, ಮಾತಾಡುವ ಅಗತ್ಯವಿಲ್ಲ ಎಂದು ಆಗ ನಾವೆಲ್ಲ ನಂಬಿದ್ದೆವು. ಸಿಂದಗಿಯಲ್ಲಿ ಕೂತು ಕೆಲಸ ಹಂಚುವವನು ನಾನು. ಡಿಸೈನರ್ ಇಂಡಿಯಲ್ಲಿ, ಬರಹಗಾರ ಮುದ್ದೇಬಿಹಾಳದಲ್ಲಿ. ಗಿರಾಕಿ ಬಸವನ ಬಾಗೇವಾಡಿಯ ಚಟ್ನಿ ಸಾಹುಕಾರರು. ಫೋನ್ ಮಾಡಬಾರದು, ಎಲ್ಲವೂ ಬರಹದಲ್ಲಿರಬೇಕು, ಅವರವರಿಗೆ ಬಿಡುವಾದಾಗ ಓದಿ ಉತ್ತರಿಸಬೇಕು ಎಂಬ ನಿಯಮ ನನ್ನದು. ಎಂ.ಎ. ಮಾಡಿದವನು ಹೇಳಿದ್ದಾನೆಂದು ಉಳಿದವರು ಒಪ್ಪಿಕೊಂಡರು. ಆಮೇಲೆ ಒಂದರ ಹಿಂದೊಂದು ಆದದ್ದೆಲ್ಲ ಈ ನಿಯಮದ ಪ್ರಕಾರವೇ ಆಯಿತು.

ಶೇಂಗಾ ಚಟ್ನಿಯ ಪಾಕೀಟಿನ ಡಿಸೈನ್ ಸಾಹುಕಾರರಿಗೆ ಒಪ್ಪಿಗೆಯಾದರೆ ಉಳಿದ ಆರು ಚಟ್ನಿಗಳದ್ದೂ ನಮಗೇ. ಆಗದಿದ್ದರೆ ಡಿಸೈನರ್ ಇಂಡಿಯಲ್ಲೇ ಒಂದು ಕಂಪ್ಯೂಟರ್ ಕ್ಲಾಸಿಗೆ ಟೈಪಿಂಗ್ ಕಲಿಸಲು ಹೋಗುವವಳಿದ್ದಳು. ಅವಳು ಹೋದರೆ ನನ್ನ ಹತ್ತಿರ ಉಳಿಯುವುದು ನಿಯಮ ಮಾತ್ರ.

೧. ಓದಿದೆ

ಬರಹಗಾರನಿಗೆ ಹನ್ನೊಂದು ಅಂಶಗಳ ಸೂಚನೆ ಕಳಿಸಿದೆ. ಕೊನೆಯದು: ಎಲ್ಲ ಓದಿಯಾದ ಮೇಲೆ ‘ಓದಿದೆ’ ಎಂದು ಬರೆಯಿರಿ. ಒಂದೇ ನಿಮಿಷದಲ್ಲಿ ‘ಓದಿದೆ’ ಬಂತು. ನಾಲ್ಕನೆಯ ದಿನ ಮಾವಿನ ಉಪ್ಪಿನಕಾಯಿಯ ಬಗ್ಗೆ ಬಾಯಲ್ಲಿ ನೀರೂರುವಂಥ ಒಂದು ಪುಟ ಬಂತು. ಶೇಂಗಾ ಚಟ್ನಿ ಎಂದು ಮೊದಲ ಸಾಲಿನಲ್ಲೇ ಇತ್ತಲ್ಲ ಎಂದು ಕೇಳಿದೆ.

ಮರುದಿನ ಉತ್ತರ ಬಂತು: “ಕಡೀ ಸಾಲಿನಾಗ ಬರೀರಿ ಅಂದಿದ್ರಿ, ಬರದೇನಿ. ಮ್ಯಾಲಿಂದು ಸಾವಕಾಶ ಓದ್ತೇನಿ ತಗೋರಿ.”

೨. ಗಟ್ಟಿ ಮನಸ್ಸು

ಪಾಕೀಟಿನ ಮೇಲಿದ್ದ ಮೆಣಸಿನಕಾಯಿ ತೆಗೆಯಿರಿ ಎಂದು ಸೋಮವಾರ ಡಿಸೈನರ್‌ಗೆ ಬರೆದೆ. ಮಂಗಳವಾರ ಮನಸ್ಸು ಬದಲಾಯಿಸಿ, ಬೇಡ, ಇರಲಿ ಎಂದು ಬರೆದೆ. ಅವಳು ಎರಡನ್ನೂ ಓದಿದ್ದು ಗುರುವಾರ, ಕೆಳಗಿನಿಂದ ಮೇಲಕ್ಕೆ. ಮೆಣಸಿನಕಾಯಿ ಹೋಯಿತು. ಯಾಕೆಂದು ಕೇಳಿದೆ.

“ಮೊದಲ ಇರಲಿ ಅಂದ್ರಿ, ಇಟ್ನಿ. ಆಮ್ಯಾಲ ತೆಗೀರಿ ಅಂದ್ರಿ, ತೆಗದ್ನಿ. ನಿಮ್ಮ ಮನಸ್ಸ ಗಟ್ಟಿ ಇಲ್ರಿ ಸರ್.”

೩. ಹತ್ತಕ್ಕೆ ನಾಲ್ಕು

ಮೊಬೈಲ್‌ನಲ್ಲಿ ಎಲ್ಲವೂ ಚಂದ ಕಾಣುತ್ತದೆ, ಕಾಗದದ ಮೇಲೆ ತೋರಿಸಿ ಎಂದು ಸಾಹುಕಾರರು ಮೊದಲ ದಿನವೇ ಹೇಳಿದ್ದರು. ಬಾಗೇವಾಡಿ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಕೊಡಿಸಿದರೆ ತಮ್ಮ ಆಳು ಒಯ್ಯುತ್ತಾನೆ ಎಂದಿದ್ದರು. ಡಿಸೈನ್ ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ, ಆ ಅಂಗಡಿಗೆ ಮುಟ್ಟಿಸಲು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಲಕೋಟೆಯ ಮೇಲೆ ಆರು ಸೂಚನೆ ಬರೆದೆ: ತೆರೆಯಿರಿ, ಪೂರ್ತಿ ನೋಡಿ, ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಸಂಕೋಚ ಬೇಡ, ಎರಡು ದಿನದಲ್ಲಿ ಇದೇ ಬಸ್ಸಿಗೆ ವಾಪಸ್ ಕೊಡಿ, ಫೋನ್ ಮಾಡಬೇಡಿ.

ಎರಡು ದಿನಕ್ಕೆ ಸರಿಯಾಗಿ ವಾಪಸ್ ಬಂತು. ಕೆಂಪು ಶಾಯಿಯಲ್ಲಿ ಬರೆದಿತ್ತು: “ಅಕ್ಷರ ದುಂಡಗಿರಲಿ. ಅಂಚು ಬಿಟ್ಟು ಬರೆ. ಶೇಂಗಾ ಟೊಂಗೆಗೆ ಬಿಡುವುದಿಲ್ಲ, ನೆಲದೊಳಗೆ ಬಿಡುತ್ತದೆ. ೪/೧೦.”

ಇಷ್ಟು ಸೂಕ್ಷ್ಮವಾಗಿ ನೋಡುವ ಗಿರಾಕಿ ಸಿಕ್ಕಿದ್ದು ಪುಣ್ಯ ಎಂದು ಬರಹಗಾರ ಬರೆದ. ‘ಬರೆ’ ಎಂದು ಏಕವಚನದಲ್ಲಿ ಹೇಳಲು ತಾನು ಅವರ ಮನೆಯ ಆಳಲ್ಲ ಎಂದು ಡಿಸೈನರ್ ಬರೆದಳು. ಅಂಕ ಕೊಡುವುದು ಈಗಿನ ಪದ್ಧತಿ ಎಂದು ನಾನು ಸಮಾಧಾನ ಹೇಳಿದೆ. ಅವಳು ಶೇಂಗಾವನ್ನು ಟೊಂಗೆಯಿಂದ ನೆಲಕ್ಕೆ ಇಳಿಸಿದಳು. ಅದೇ ಲಕೋಟೆಯಲ್ಲಿ ಮತ್ತೆ ಕಳಿಸಿದೆ. ಎರಡನೆಯ ಸಲ ಐದು ಬಂತು, ಜೊತೆಗೆ “ಪುನಃ ಬರೆದು ತೋರಿಸು.” ಮೂರನೆಯ ಸಲ ಆರು. ಇನ್ನೊಮ್ಮೆ ಏಳಕ್ಕಿಂತ ಕಡಿಮೆ ಬಂದರೆ ಕಂಪ್ಯೂಟರ್ ಕ್ಲಾಸು ಗ್ಯಾರಂಟಿ ಎಂದಳು.

ನಾಲ್ಕನೆಯ ಸಲ ಏಳೂವರೆ ಬಂತು. ಕೆಳಗೆ ಒಂದು ಸಾಲು: “ಪ್ರಗತಿ ಇದೆ. ತಂದೆಯವರ ಸಹಿ ಮಾಡಿಸು.”

ದೊಡ್ಡ ಕೆಲಸ ಒಪ್ಪಿಸುವ ಮೊದಲು ಹುಡುಗಿಯ ಮನೆಯವರ ಒಪ್ಪಿಗೆ ಕೇಳುತ್ತಿದ್ದಾರೆ, ಹಳೆಯ ಕಾಲದ ಮನುಷ್ಯರು ಎಂದು ನಾನು ಅರ್ಥ ಬಿಡಿಸಿ ಹೇಳಿದೆ. ಅವಳ ತಂದೆ ಪಾಕೀಟಿನ ಹೊಸ ಪ್ರಿಂಟನ್ನು ಎರಡು ಸಲ ತಿರುವಿ ನೋಡಿ ಸಹಿ ಹಾಕಿದರಂತೆ.

೪. ಲಕೋಟೆ

ಸಹಿಯಾದ ಪ್ರಿಂಟು ಹಿಡಿದು ನಾನೇ ಬಾಗೇವಾಡಿಗೆ ಹೋದೆ. ಏಳೂವರೆ ಅಂಕಕ್ಕೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಕೇಳುವುದಿತ್ತು. ನಾನು ಬಾಯಿ ಬಿಡುವ ಮೊದಲೇ ಸಾಹುಕಾರರು ಶುರು ಮಾಡಿದರು.

“ಏನ್ರಿ, ತಿಂಗಳಾತು, ಒಂದ್ ಕಾಗದ ಕಳಸಲಿಲ್ಲ. ನಮ್ಮ ಆಳು ದಿನಾ ಅಂಗಡಿಗೆ ಹೋಗಿ ಕೇಳಿ ಬರಾಕತ್ತಾನ. ಫೋನ್ ಮಾಡಬ್ಯಾಡ್ರಿ ಅಂತ ನೀವ ಹೇಳಿದ್ರಿ, ಅದಕ್ಕ ಸುಮ್ನ ಕುಂತೇನಿ.”

ಪ್ರಿಂಟು ಮುಂದಿಟ್ಟೆ. ಒಂದು ಸಲ ನೋಡಿದರು. ಛಲೋ ಆಗಿದೆ, ಉಳಿದ ಆರನ್ನೂ ಮಾಡಿ, ಆದರೆ ಇಷ್ಟು ನಿಧಾನ ನಡೆಯುವುದಿಲ್ಲ ಎಂದರು. ಮೂಲೆಯಲ್ಲಿದ್ದ ಸಹಿ ಯಾರದೆಂದು ಕೇಳಿದರು. ನಾನು ಪ್ರಿಂಟು ಮಡಚಿ ಚೀಲಕ್ಕೆ ಹಾಕಿಕೊಂಡೆ.

ನೇರವಾಗಿ ಪಾನ್ ಅಂಗಡಿಗೆ ಬಂದೆ. ಮುಂದಿನ ಬೆಂಚಿನ ಮೇಲೆ ಬಿಳಿ ಅಂಗಿಯ ವಯಸ್ಸಾದವರೊಬ್ಬರು ಪುಕ್ಕಟೆ ಪೇಪರ್ ಓದುತ್ತಿದ್ದರು. ಕಿಸೆಯಲ್ಲಿ ಕೆಂಪು ಪೆನ್ನು.

“ರಿಟೈರ್ಡ್ ವಿಜ್ಞಾನ ಮಾಸ್ತರ್ರು” ಎಂದು ಅಂಗಡಿಯವನು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ. “ಸಾಹುಕಾರ್ರ ಹೆಸರಿಗೆ ಏನರ ಬಂದೈತೇನು ಅಂತ ಅವರ ಆಳು ಕೇಳ್ತಿದ್ದ. ಅವರ ಹೆಸರಿಗೆ ಏನೂ ಬರಲಿಲ್ರಿ. ಒಂದ್ ಲಕೋಟಿ ಮಾತ್ರ ಬರ್ತಿತ್ತು, ತಪ್ಪ ತಿದ್ದರಿ ಅಂತ ಬರದಿತ್ತು. ಮಾಸ್ತರ್ರ ಕೈಯಾಗ ಕೊಟ್ನಿ.”

ನಾಲ್ಕು ಸಲ ಹೋಗಿ ಬಂದ ಲಕೋಟೆ ನನ್ನ ಚೀಲದಲ್ಲೇ ಇತ್ತು. ತೆಗೆದು ಓದಿದೆ. ಆರೂ ಸೂಚನೆ ಸ್ಪಷ್ಟವಾಗಿದ್ದವು. ಸಾಹುಕಾರರ ಹೆಸರು ಎಲ್ಲಿಯೂ ಇರಲಿಲ್ಲ.